ಕ್ಯೂರಿಂಗ್ ವರ್ಕ್ಸ್‌ನ ಹಿಂಬಾಗಿಲು

ಹೋದ ವರ್ಷ ಕ್ರಿಸ್ಮಸ್ಸಿಗೆ ಮುಂಚೆ ಯಸಳೂರಿನ ಚಿಕ್ಕಪ್ಪನ ಮನೆಗೆ ಜ್ಞಾನಸ್ನಾನದ ಊಟಕ್ಕೆ ಹೊರಟಿದ್ದೆ. ಹಾಸನದಲ್ಲಿ ಹತ್ತಿದ ಬಸ್ಸು ಆಲೂರು ದಾಟಿದ ಮೇಲೆ ರೈಲ್ವೆ ಗೇಟಿನ ಮುಂದೆ ನಿಂತಿತು. ಎಡಕುಮೇರಿ ಕಡೆಯಿಂದ ಘಾಟಿ ಹತ್ತಿ ಬಂದ ಗೂಡ್ಸ್ ಗಾಡಿ ಮುಗಿಯುವ ಲಕ್ಷಣವೇ ಕಾಣಲಿಲ್ಲ. ಕಾಲವಲ್ಲದ ಕಾಲದಲ್ಲಿ ಮಳೆ ಹನಿಯುತ್ತಿತ್ತು. ಪಕ್ಕದಲ್ಲಿದ್ದ ಹೆಂಗಸು ಕಿಟಕಿ ಸರಿಸಿದ್ದೇ ತಡ, ಒದ್ದೆ ಗೋಣಿಚೀಲದ ವಾಸನೆಯೂ ಕಾಫಿ ಹೊಟ್ಟು ಉರಿಯುವ ಹೊಗೆಯೂ ಒಟ್ಟಿಗೆ ಒಳಗೆ ನುಗ್ಗಿದವು. ನಾನು ಎದ್ದು ಕಿಟಕಿ ಮುಚ್ಚಿದೆ.

"ಯಾಕಮ್ಮ, ಉಸ್ರು ಕಟ್ಟಾಕಿಲ್ವಾ?" ಎಂದು ಆಕೆ ಕೇಳಿದರು.

ಗೇಟಿನ ಆಚೆ ಸಿಲ್ವರ್ ಓಕ್ ಮರಗಳ ಹಿಂದೆ ನಾನು ಕೆಲಸಕ್ಕಿದ್ದ ಕ್ಯೂರಿಂಗ್ ವರ್ಕ್ಸ್‌ನ ಹೊಗೆಕೊಳವೆ ಕಾಣುತ್ತಿತ್ತು. ಉಸಿರು ಕಟ್ಟುವುದು ಅಂದರೇನೆಂದು ನಾನು ತಿಳಿದದ್ದು ಅಲ್ಲೇ, ಇಂಥದೇ ಮಳೆಯ ಒಂದು ಹಂಗಾಮಿನಲ್ಲಿ.

ತೋಟಗಳಿಂದ ಬಂದ ಕಾಫಿಯನ್ನು ಪೂರ್ತಿ ಒಣಗಿಸಿ, ಸಿಪ್ಪೆ ತೆಗೆದು, ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸಿ, ಕೆಟ್ಟ ಬೀಜ ಆರಿಸಿ ಮೂಟೆ ಕಟ್ಟುವ ಕಾರ್ಖಾನೆ ಅದು. ನಾನಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರ್. ಹೆಸರು ಜೆಸಿಂತಾ, ಅಲ್ಲಿನವರ ಬಾಯಲ್ಲಿ ಜೆಸ್ಸಮ್ಮ. ನಮ್ಮಪ್ಪ ಮಂಗಳೂರು ಕಡೆಯಿಂದ ತೋಟದ ಲೆಕ್ಕ ಬರೆಯುವ ಎಸ್ಟೇಟ್ ರೈಟರ್ ಆಗಿ ಘಾಟಿ ಹತ್ತಿ ಬಂದವರು. ಹಾಗಾಗಿ ಕಾಫಿ ನನಗೆ ಹೊಸದಲ್ಲ. ಹೊಸದಾಗಿದ್ದದ್ದು ಆ ವರ್ಷ ಕಾರ್ಖಾನೆಯ ಸಾಹುಕಾರರು ಹೇಳಿದ ಮಾತು: ಎನರ್ಜಿ ಆಡಿಟ್ ಆಗಬೇಕು.

ಹೊರದೇಶದಲ್ಲಿ ಕಾಫಿ ಕೊಳ್ಳುವವರು ಕೇಳತೊಡಗಿದ್ದರಂತೆ: ನಿಮ್ಮಲ್ಲಿ ಎಷ್ಟು ಕರೆಂಟ್ ಸುಡುತ್ತದೆ, ಎಷ್ಟು ಪೋಲಾಗುತ್ತದೆ? ಅದನ್ನು ಅಳೆಯಲು ಹಂಗಾಮು ಜೋರಾಗಿರುವಾಗ, ಮಿಷನ್‌ಗಳೆಲ್ಲ ಓಡುತ್ತಿರುವಾಗ ಬೆಂಗಳೂರಿನಿಂದ ತಂಡ ಬರುವುದೆಂದು ಗೊತ್ತಾಯಿತು. ಅದಕ್ಕೆ ಕಾರ್ಖಾನೆಯನ್ನು ಸಜ್ಜು ಮಾಡುವ ಕೆಲಸ ನನ್ನದು ಮತ್ತು ಮ್ಯಾನೇಜರ್ ಚಂದ್ರಣ್ಣನವರದು.

ಚಂದ್ರಣ್ಣ ಆಲೂರಿನವರು. ಹಣೆಗೆ ವಿಭೂತಿ, ಮೊಣಕೈವರೆಗೆ ಮಡಚಿದ ಬಿಳಿ ಅಂಗಿ. ನಾನು ಹುಟ್ಟುವ ಮೊದಲೇ ಕಾರ್ಖಾನೆಯ ಗೇಟಿನೊಳಗೆ ಕಾಲಿಟ್ಟವರು. ಬೀಜವನ್ನು ಹಲ್ಲಲ್ಲಿ ಕಚ್ಚಿ ಎಷ್ಟು ಒಣಗಿದೆಯೆಂದು ಹೇಳುತ್ತಿದ್ದರು. ಮೀಟರ್ ಇಟ್ಟು ನೋಡಿದರೆ ಕೆಲವು ಸಲ ಸರಿಯಿರುತ್ತಿತ್ತು, ಕೆಲವು ಸಲ ಇರುತ್ತಿರಲಿಲ್ಲ. ಎರಡಕ್ಕೂ ಅವರು ನಗುತ್ತಿದ್ದರು. ಆಡಿಟ್ ಎಂದಾಗ ಮಾತ್ರ ನಗಲಿಲ್ಲ.

"ಮನೆಗೆ ಹೆಣ್ಣು ನೋಡಾಕ್ ಬತ್ತಾರಲ್ಲ, ಅಂಗೇ ಇದೂ ಕಣಮ್ಮ. ಮೊದ್ಲು ಮನೆ ಕ್ಲೀನಾಗಿರ್ಬೇಕು" ಎಂದು ಆಳುಗಳನ್ನು ಕರೆದು ಅಂಗಳಕ್ಕಿಳಿದರು.

ಹೀಗೆ ಕೆಲಸ ಎರಡು ಭಾಗವಾಯಿತು. ಒಳಗಿನದು ನನಗೆ, ಹೊರಗಿನದು ಅವರಿಗೆ. ನಾನು ಒಂದೊಂದು ಮೋಟಾರಿನ ಮೇಲಿನ ಗ್ರೀಸು ಒರೆಸಿ ಅದರ ಫಲಕ ಓದಿಕೊಂಡೆ. ಕಂಪ್ರೆಸರ್ ಪೈಪಿನ ಉದ್ದಕ್ಕೂ ಸೋಪಿನ ನೀರು ಹಚ್ಚಿ ಗಾಳಿ ಸೋರುವ ಕಡೆಯೆಲ್ಲ ಗುರುತು ಮಾಡಿದೆ. ಡ್ರೈಯರ್‌ಗಳ ಬಿಸಿಗಾಳಿ ಎಲ್ಲೆಲ್ಲಿ ಹೊರಹೋಗುತ್ತಿದೆ ಎಂದು ಕೈಯೊಡ್ಡಿ ನೋಡಿದೆ. ಚಂದ್ರಣ್ಣ ಕಾಫಿ ಒಣಹಾಕುವ ಕಣದಲ್ಲಿ ವರ್ಷಗಳಿಂದ ಬಿದ್ದಿದ್ದ ಹರಕು ಗೋಣಿ, ಮುರಿದ ಜರಡಿ, ತುಕ್ಕು ಹಿಡಿದ ಡ್ರಮ್ಮು ಎಲ್ಲವನ್ನೂ ಎತ್ತಿಸಿ, ಗೋಡೆಗೆ ಸುಣ್ಣ ಹೊಡೆಸಿ, ಬೆಂಕಿ ಆರಿಸುವ ಹೊಸ ಸಿಲಿಂಡರ್‌ಗಳನ್ನು ತರಿಸಿ ತೂಗುಹಾಕಿಸಿದರು. ಕಣ ಕನ್ನಡಿಯ ಹಾಗಾಯಿತು.

ಕಾಫಿ ಆರಿಸುವ ಶೆಡ್ಡಿನ ಹೆಂಗಸರಿಗೆ ಬೇರೆಯೇ ಭಯ. ಅವರ ಮೇಸ್ತ್ರಿ ಸರೋಜಕ್ಕ ಒಂದು ಮಧ್ಯಾಹ್ನ ನನ್ನನ್ನು ತಡೆದು ನಿಲ್ಲಿಸಿದರು.

"ಅಲ್ಲಾ ಜೆಸ್ಸಮ್ಮ, ನಮ್ಮನ್ನೆಲ್ಲ ತೆಗ್ದು ಮಿಷನ್ ತರ್ತಾರಂತೆ, ಅದ್ಕೇ ಅಳ್ಯಾಕ್ ಬತ್ತಾವ್ರಂತೆ, ನಿಜ್ವಾ?"

"ಇಲ್ಲ ಅಕ್ಕ, ಅವರು ಕರೆಂಟ್ ಅಳೀತಾರೆ, ಜನರನ್ನಲ್ಲ."

"ನಮ್ಮ ಶೆಡ್ಡಲ್ಲಿ ಇರೋದು ನಾಕು ಟ್ಯೂಬ್‌ಲೈಟು. ಅದ್ರಲ್ಲೇನ್ ಅಳೀತಾರೋ" ಎಂದು ನಂಬದೆ ಹೋದರು.

ಪ್ಯಾನೆಲ್ ರೂಮನ್ನು ನಾನು ಕೊನೆಗೆ ಇಟ್ಟುಕೊಂಡಿದ್ದೆ. ಇಡೀ ಕಾರ್ಖಾನೆಗೆ ಕರೆಂಟ್ ಹಂಚುವ ಕೋಣೆ ಅದು. ಆರಿಸುವ ಶೆಡ್ಡಿಗೆ ಹೋಗುವ ಮುಂಬಾಗಿಲು ಅದರ ಮಗ್ಗುಲಲ್ಲೇ. ಆಡಿಟ್‌ನವರು ಮೀಟರ್ ಸಿಕ್ಕಿಸಲು ಮೇನ್ ಪ್ಯಾನೆಲಿನ ಹಿಂದಿನ ತಗಡು ಬಿಚ್ಚಲೇಬೇಕಿತ್ತು. ಯಾವ ಕಾಲದಲ್ಲಿ ಮುಚ್ಚಿದ್ದರೋ, ಬೋಲ್ಟುಗಳು ಕಚ್ಚಿಕೊಂಡಿದ್ದವು. ಬಿಚ್ಚಿದರೆ ಒಳಗೆ ಜೇಡರ ಬಲೆ, ಹೊಟ್ಟಿನ ದೂಳು. ಕರೆಂಟ್ ಹಾಯುವ ಲೋಹದ ಪಟ್ಟಿಗಳು ಒಂದಕ್ಕೊಂದು ಸೇರುವ ಕಡೆ ಬಣ್ಣ ಕಪ್ಪಾಗಿತ್ತು. ದೂರದಿಂದಲೇ ಶಾಖ ಅಳೆಯುವ ಗನ್ ಹಿಡಿದೆ. ಒಂದು ಜೋಡಣೆಯ ಮೇಲೆ ಅಂಕಿ ಏರುತ್ತಲೇ ಹೋಯಿತು. ಗನ್ ಕೆಟ್ಟಿದೆಯೇನೋ ಎಂದು ಗೋಡೆಗೆ ಹಿಡಿದೆ, ಸರಿಯಿತ್ತು. ಮತ್ತೆ ಹಿಡಿದೆ. ಮತ್ತೆ ಅದೇ.

ಚಂದ್ರಣ್ಣನನ್ನು ಕರೆದು ತೋರಿಸಿದೆ. "ಇದು ಸಡಿಲಾಗಿದೆ ಚಂದ್ರಣ್ಣ. ಪೂರ್ತಿ ಕರೆಂಟ್ ತೆಗೆದು ಬಿಚ್ಚಿ ಹೊಸ ಪಟ್ಟಿ ಹಾಕಬೇಕು. ಒಂದು ದಿನ ಎಲ್ಲ ನಿಲ್ಲಿಸಬೇಕು."

ಅವರು ಹೊರಗೆ ಕೈ ತೋರಿಸಿದರು. ಆ ಬೆಳಗ್ಗೆಯೇ ಮಳೆ ಹಿಡಿದಿತ್ತು.

ಕೊಯ್ಲಿನ ನಡುವೆ ಬರುವ ಮಳೆ ಎಂಥದೆಂದು ಕಾಫಿಯವರಿಗೇ ಗೊತ್ತು. ಕಣದಲ್ಲಿ ಹರವಿದ್ದು ಒಣಗುವುದಿಲ್ಲ, ಮೂಟೆಯಲ್ಲಿಟ್ಟರೆ ಬಿಸಿಯಾಗಿ ಬೂಷ್ಟು ಹಿಡಿಯುತ್ತದೆ. ವರ್ಷದ ದುಡಿಮೆ ನಾಲ್ಕು ದಿನದಲ್ಲಿ ಹುಳಿವಾಸನೆ ಹೊಡೆಯುತ್ತದೆ. ಯಸಳೂರು, ವನಗೂರು, ಹೆತ್ತೂರು ಕಡೆಯ ಸಣ್ಣ ಬೆಳೆಗಾರರೆಲ್ಲ ಅರೆ ಒಣಗಿದ ಕಾಫಿಯನ್ನು ಜೀಪಿಗೆ ತುಂಬಿಕೊಂಡು ನಮ್ಮ ಡ್ರೈಯರ್ ನಂಬಿ ಇಳಿಯತೊಡಗಿದ್ದರು.

"ಈ ಜನಕ್ಕೆ ಏನಂತ ಹೇಳಾದು? ಬಾಗ್ಲು ಹಾಕ್ಕಂಡು ಕೂತಿದೀವಿ ಅನ್ನಾದಾ?" ಎಂದರು ಚಂದ್ರಣ್ಣ.

"ಇದು ಹತ್ತಿಕೊಂಡರೆ ಡ್ರೈಯರೂ ಇರಲ್ಲ, ನಾವೂ ಇರಲ್ಲ."

ತುಂಬ ಹೊತ್ತು ಎಳೆದಾಡಿ ಒಂದು ಒಪ್ಪಂದಕ್ಕೆ ಬಂದೆವು. ಸಿಪ್ಪೆ ತೆಗೆಯುವ ಹಲ್ಲರ್, ಜರಡಿಗಳು, ಎರಡನೇ ಡ್ರೈಯರ್ ಎಲ್ಲ ಬಂದ್. ಒಂದೇ ಡ್ರೈಯರ್ ಓಡಬೇಕು. ಭಾನುವಾರ ಸಬ್‌ಸ್ಟೇಷನ್ನಿನವರಿಂದ ಲೈನ್ ತೆಗೆಸಿ ರಿಪೇರಿ. ಅಲ್ಲಿವರೆಗೆ ನಾನು ಗನ್ ಹಿಡಿದು ಆ ಜೋಡಣೆಯನ್ನು ಕಾಯಬೇಕು.

ಕಾದೆ. ಪುಟ್ಟ ಮಗುವಿನ ಜ್ವರ ನೋಡುವ ಹಾಗೆ ಮತ್ತೆ ಮತ್ತೆ ಹೋಗಿ ನೋಡಿದೆ. ಒಂದು ಡ್ರೈಯರ್ ಇದ್ದಾಗ ಅಂಕಿ ಕೆಳಗೆ ಬಂತು, ಆದರೆ ನಾನು ಬಯಸಿದಷ್ಟು ಬರಲಿಲ್ಲ. ಮನೆಗೆ ಹೋದರೆ ಫೋನ್ ಕೆಳಗಿಡಲಾಗದು. ಮಳೆ ಮಾತ್ರ ಒಂದೇ ಸಮ. ಗೇಟಿನ ಹೊರಗೆ ಜೀಪುಗಳ ಸಾಲು ತಿರುವಿನವರೆಗೆ ಬೆಳೆಯಿತು. ಟಾರ್ಪಾಲಿನ ಕೆಳಗೆ ಮೂಟೆಗಳ ಮೇಲೆ ಮಲಗಿದವರು ಎದ್ದು ಬಂದು ಕೇಳುತ್ತಿದ್ದರು. ಕೇಳುತ್ತ ಕೇಳುತ್ತ ದನಿ ಏರುತ್ತಿತ್ತು.

"ಎಲ್ಡ್ ಡ್ರೈಯರ್ ಇಟ್ಕಂಡು ಒಂದನ್ನ ಓಡ್ಸ್ತೀರಲ್ಲ, ಆಡಿಟ್‌ನೋರ್ಗೆ ಕರೆಂಟ್ ಕಮ್ಮಿ ತೋರ್ಸಾಕಾ?" ಎಂದು ಒಬ್ಬ ಕೂಗಿದ. ಉಳಿದವರು ಹೌದೆಂದರು. ಜೋಡಣೆ, ಶಾಖ ಎಂದು ನಾನು ವಿವರಿಸಹೋದರೆ ಯಾರೂ ನಿಂತು ಕೇಳಲಿಲ್ಲ.

ವನಗೂರಿನ ಗಿರಿಜಮ್ಮ ಬಂದದ್ದು ಶುಕ್ರವಾರ. ಗಂಡನಿಲ್ಲದೆ ತಾವೇ ತೋಟ ಮಾಡುವವರು. ಆ ಕಡಿದಾದ ರಸ್ತೆಯಲ್ಲಿ ಚಕ್ರಕ್ಕೆ ಚೈನ್ ಕಟ್ಟಿದ ಜೀಪಿನಲ್ಲಿ ಮೈಯೆಲ್ಲ ಕೆಸರಾಗಿ ಬಂದಿದ್ದರು. ಮೂಟೆಯ ಬಾಯಿ ಬಿಚ್ಚಿ ಒಂದು ಹಿಡಿ ತೆಗೆದು ಚಂದ್ರಣ್ಣನ ಮೂಗಿನ ಹತ್ತಿರ ಹಿಡಿದರು.

"ನೋಡಿ ಅಣ್ಣ. ಇನ್ನೂ ಕೆಟ್ಟಿಲ್ಲ. ನಾಳೆ ಕೆಡ್ತೈತೆ. ಇವತ್ತು ಹಾಕ್ಬುಟ್ರೆ ಉಳೀತೈತೆ."

ಚಂದ್ರಣ್ಣ ಮೂಸಿ ನೋಡಿ ನನ್ನ ಕಡೆ ತಿರುಗಿದರು. ನಾನು ಆಗದು ಎಂದು ತಲೆಯಾಡಿಸಿದೆ. ಗಿರಿಜಮ್ಮ ಅಳಲಿಲ್ಲ, ಜಗಳಾಡಲಿಲ್ಲ. ಆ ಹಿಡಿ ಕಾಫಿಯನ್ನು ಮತ್ತೆ ಚೀಲಕ್ಕೆ ಹಾಕಿ, ಅದರ ಬಾಯಿ ಕಟ್ಟತೊಡಗಿದರು. ಚಂದ್ರಣ್ಣ ಅದನ್ನೇ ನೋಡುತ್ತ ನಿಂತಿದ್ದರು.

ಭಾನುವಾರ ಲೈನ್ ತೆಗೆಯುವುದನ್ನು ಖಚಿತ ಮಾಡಿಕೊಳ್ಳಲು ನಾನು ಸಬ್‌ಸ್ಟೇಷನ್ನಿಗೆ ಫೋನ್ ಮಾಡಬೇಕಿತ್ತು. ನಮ್ಮಲ್ಲಿ ಸಿಗ್ನಲ್ ಸಿಗುತ್ತಿದ್ದದ್ದು ಗೇಟಿನ ಬಳಿ, ಲಾರಿ ತೂಕದ ಕಟ್ಟೆಯ ಮೇಲೆ ಮಾತ್ರ. ಕೊಡೆ ಹಿಡಿದು ಅಲ್ಲಿಗೆ ಹೋದೆ. ಆಪರೇಟರ್ ಸಿಕ್ಕಿದರು. ಮಾತು ಇನ್ನೂ ಮುಗಿದಿರಲಿಲ್ಲ, ಹಿಂದಿನಿಂದ ದೊಡ್ಡ ಫ್ಯಾನ್ ಸುತ್ತತೊಡಗಿದ ಸದ್ದು ಕೇಳಿತು. ಆ ಸದ್ದು ನನಗೆ ಗೊತ್ತು. ಎರಡನೇ ಡ್ರೈಯರ್. ಚಂದ್ರಣ್ಣನ ಮನಸ್ಸು ತಡೆದಿರಲಿಲ್ಲ.

ಫೋನ್ ಕಿವಿಯಲ್ಲಿಟ್ಟುಕೊಂಡೇ ತಿರುಗಿದೆ. ಕೂಗಿ ಹೇಳಬೇಕೆನ್ನುವಷ್ಟರಲ್ಲಿ ಪ್ಯಾನೆಲ್ ರೂಮಿನೊಳಗಿಂದ ಢಬ್ ಎಂದು ಸದ್ದಾಯಿತು. ಕಿಟಕಿಯಲ್ಲಿ ನೀಲಿ ಬೆಳಕು ಹೊಳೆದು, ಅದರ ಬೆನ್ನಿಗೇ ಕಪ್ಪು ಹೊಗೆ ಸುರುಳಿ ಸುತ್ತಿ ಬಂತು.

"ಫೀಡರ್ ತೆಗೀರಿ! ಕರೆಂಟ್ ಈಗಲೇ ತೆಗೀರಿ!" ಎಂದು ಫೋನಿನಲ್ಲಿ ಕಿರುಚಿದೆ.

"ಏನಾಯ್ತು ಮೇಡಂ?"

"ಪ್ಯಾನೆಲ್‌ಗೆ ಬೆಂಕಿ. ಪಕ್ಕದ ಶೆಡ್ಡಲ್ಲಿ ಹೆಂಗಸ್ರಿದಾರೆ."

ಕರೆ ಕಡಿದುಹೋಯಿತು. ಅವರು ಕೇಳಿಸಿಕೊಂಡರೋ ಇಲ್ಲವೋ ತಿಳಿಯದು. ಮತ್ತೆ ಒತ್ತಿದೆ, ಹೋಗಲಿಲ್ಲ. ಮತ್ತೆ ಒತ್ತಿದೆ. ಮೇನ್ ಸ್ವಿಚ್ಚು ಇರುವುದು ಉರಿಯುತ್ತಿರುವ ಕೋಣೆಯೊಳಗೆ. ಹೊರಗೆ ಕಂಬದ ಮೇಲಿನ ದೊಡ್ಡ ಸ್ವಿಚ್ಚನ್ನು ಕರೆಂಟ್ ಹರಿಯುತ್ತಿರುವಾಗ ಎಳೆದರೆ ಎಳೆದವರೇ ಉಳಿಯುವುದಿಲ್ಲ. ಆದರೂ ಆ ಕಂಬದ ಕಡೆ ಓಡಿದೆ. ಕೈ ಹಿಡಿಕೆಯ ಹತ್ತಿರ ಹೋಗಿ ನಿಂತಿತು. ಎಳೆಯಲೇ, ಬೇಡವೇ? ಮಳೆ ನೀರು ಕಣ್ಣಿಗಿಳಿಯುತ್ತಿತ್ತು. ಶೆಡ್ಡಿನೊಳಗಿಂದ ಕೂಗಾಟ ಶುರುವಾಗಿತ್ತು.

ಆಗ ಫ್ಯಾನಿನ ಸದ್ದು ಇಳಿಯುತ್ತ ಇಳಿಯುತ್ತ ನಿಂತಿತು. ರಸ್ತೆಯಾಚೆಯ ಅಂಗಡಿಗಳ ದೀಪವೂ ಆರಿತು. ಆಪರೇಟರ್ ಕೇಳಿಸಿಕೊಂಡಿದ್ದರು. ನಾನು ಹಿಡಿಕೆ ಎಳೆದು, ಯಾರೂ ಮತ್ತೆ ಕೂಡಿಸದ ಹಾಗೆ ಬೀಗ ಜಡಿದು ಓಡಿದೆ.

ಮುಂಬಾಗಿಲ ಬಳಿ ಹೋಗಲಾಗುತ್ತಿರಲಿಲ್ಲ, ಹೊಗೆಯೆಲ್ಲ ಅಲ್ಲೇ. ಆಳುಗಳು ಹೊಸ ಸಿಲಿಂಡರ್‌ಗಳನ್ನು ಕಿತ್ತು ತಂದು ಪ್ಯಾನೆಲ್ ರೂಮಿನ ಕಿಟಕಿಯಿಂದ ಹೊಡೆಯುತ್ತಿದ್ದರು. ಶೆಡ್ಡಿನ ಕಿಟಕಿಗಳಿಗೆ ಕಬ್ಬಿಣದ ಸರಳು. ಸರಳಿನ ಸಂದಿಯಲ್ಲಿ ಕೈಗಳು ಕಾಣುತ್ತಿದ್ದವು. ಹಿಂಬಾಗಿಲಿದೆಯಲ್ಲ ಎಂದುಕೊಂಡು ಕಣದ ಕಡೆಗೆ ಸುತ್ತಿಬಂದೆ.

ಬಾಗಿಲು ಕಾಣಲಿಲ್ಲ. ಅದರ ಜಾಗದಲ್ಲಿ ಸೂರಿನವರೆಗೆ ಟಾರ್ಪಾಲು ಹೊದಿಸಿದ ರಾಶಿ. ಕಣ ಚೊಕ್ಕಟ ಮಾಡಿ ಎತ್ತಿಸಿದ ಹರಕು ಗೋಣಿ, ಜರಡಿ, ಡ್ರಮ್ಮು ಎಲ್ಲ ಅಲ್ಲಿದ್ದವು. ಆಡಿಟ್‌ನವರ ಕಣ್ಣಿಗೆ ಬೀಳಬಾರದೆಂದು ಕಟ್ಟಡದ ಹಿಂದಕ್ಕೆ ಒಟ್ಟಿಸಿದ್ದರು. ಬಾಗಿಲು ತೆರೆಯುವುದು ಹೊರಕ್ಕೆ. ಒಳಗಿನಿಂದ ಅದನ್ನು ಗುದ್ದುತ್ತಿದ್ದರು.

ಚಂದ್ರಣ್ಣ ಆಗಲೇ ಅಲ್ಲಿದ್ದರು. ಟಾರ್ಪಾಲು ಹರಿದು, ಮಳೆಯಲ್ಲಿ ನೆಂದು ಕಲ್ಲಿನಂತಾಗಿದ್ದ ಗೋಣಿಗಳನ್ನು ಬರಿಗೈಯಲ್ಲಿ ಎಳೆದೆಸೆಯುತ್ತಿದ್ದರು. "ಸರೋಜಾ! ತಡ್ಕಳಿ ಕಣವ್ವ, ತೆಗೀತಾ ಇವ್ನಿ, ಕೆಳಗ್ ಕೂತ್ಕಳಿ!" ಎಂದು ಕೂಗುತ್ತಲೇ ಇದ್ದರು. ಗಿರಿಜಮ್ಮ ಇನ್ನೊಂದು ಕಡೆಯಿಂದ ಎಳೆಯುತ್ತಿದ್ದರು. ಗೇಟಿನಲ್ಲಿ ಬಯ್ಯುತ್ತಿದ್ದ ಜನವೂ ಓಡಿಬಂದು ಸೇರಿತು. ಗೋಣಿ ಹೋಯಿತು, ಜರಡಿ ಹೋಯಿತು, ಕೊನೆಗೆ ಉಳಿದದ್ದು ಸಿಮೆಂಟು ಗಟ್ಟಿಯಾಗಿ ಕೂತಿದ್ದ ಡ್ರಮ್ಮು. ಬಾಗಿಲಿಗೂ ಸೂರಿನ ಕಂಬಕ್ಕೂ ನಡುವೆ ಸಿಕ್ಕಿಕೊಂಡು ಎಷ್ಟು ಜನ ನೂಕಿದರೂ ಅಲುಗಲಿಲ್ಲ. ಒಳಗಿನ ಗುದ್ದು ನಿಧಾನವಾಗುತ್ತಿತ್ತು.

"ಜೀಪ್ ತಗಂಬಾರೋ!" ಎಂದು ಗಿರಿಜಮ್ಮ ತಮ್ಮ ಡ್ರೈವರನಿಗೆ ಕೂಗಿದರು.

ಜೀಪು ಕಣದೊಳಕ್ಕೆ ನುಗ್ಗಿ ರಿವರ್ಸಿನಲ್ಲಿ ಡ್ರಮ್ಮಿನ ಹತ್ತಿರ ಬಂತು. ಮೂಟೆ ಬಿಗಿಯುವ ಹಗ್ಗವನ್ನು ಚಂದ್ರಣ್ಣ ಡ್ರಮ್ಮಿನ ಸುತ್ತ ಹಾಕಿ ಗಂಟು ಬಿಗಿಯುತ್ತಿದ್ದರು. ಅವರ ಕೈ ಇನ್ನೂ ಅಲ್ಲೇ ಇತ್ತು, "ಎಳಿ, ಎಳಿ" ಎಂದುಬಿಟ್ಟರು. ಜೀಪು ಕೆಸರು ಚಿಮ್ಮಿಸಿ ಜಗ್ಗಿತು. ಡ್ರಮ್ಮು ಹೊರಳಿತು. ಬಾಗಿಲು ಸಿಡಿದು ತೆರೆಯಿತು.

ಹೊಗೆಯ ಜೊತೆ ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ಹೊರಗೆ ಬಂದರು. ಕೆಮ್ಮುತ್ತ ಕಣದ ನೀರಿನಲ್ಲೇ ಕೂತರು. ಸರೋಜಕ್ಕ ಹೊರಗೆ ಬಂದು ಒಂದೊಂದೇ ಮುಖ ನೋಡಿದವರು ಮತ್ತೆ ಬಾಗಿಲ ಕಡೆ ತಿರುಗಿದರು.

"ಪಾರ್ವತಿ ಇಲ್ಲ."

ಒದ್ದೆ ಗೋಣಿಯೊಂದನ್ನು ಮುಖಕ್ಕೆ ಒತ್ತಿಕೊಂಡು ನಾನೂ ಅವರೂ ಒಳಗೆ ಹೋದೆವು. ಕಣ್ಣು ಬಿಡಲಾಗುತ್ತಿರಲಿಲ್ಲ. ಬಗ್ಗಿ, ನೆಲ ತಡವುತ್ತ, ಚೆಲ್ಲಿದ ಕಾಫಿ ಬೀಜದ ಮೇಲೆ ಮಂಡಿ ಜಾರುತ್ತ ಹೋದೆವು. ಬೀಜ ಆರಿಸುವ ಮೇಜಿನ ಕೆಳಗೆ ಒಂದು ಕಾಲು ಕೈಗೆ ಸಿಕ್ಕಿತು. ಇಬ್ಬರೂ ಸೇರಿ ಎಳೆದುಕೊಂಡು ಬಂದೆವು. ಹೊರಗೆ ಮಲಗಿಸಿದಾಗ ಆಕೆಯ ತುಟಿ ಬೂದಿಬಣ್ಣವಾಗಿತ್ತು. ಸರೋಜಕ್ಕ ಕೆನ್ನೆಗೆ ಹೊಡೆಯುತ್ತಲೇ ಇದ್ದರು. "ಏಳೇ, ಏಳೇ ಮಾರಾಯ್ತಿ, ನಿನ್ ಮಗ್ಳಿಗೆ ನಾನೇನ್ ಹೇಳ್ಲಿ, ಏಳೇ." ಮಳೆ ಆಕೆಯ ಮುಖದ ಮೇಲೆ ಸುರಿಯುತ್ತಿತ್ತು. ಎಷ್ಟು ಹೊತ್ತಾಯಿತೋ, ಪಾರ್ವತಿ ಒಮ್ಮೆ ಬಿಕ್ಕಿ ಉಸಿರೆಳೆದಳು.

ಅವಳನ್ನೂ ಚಂದ್ರಣ್ಣನನ್ನೂ ಅದೇ ಜೀಪಿನಲ್ಲಿ ಸಕಲೇಶಪುರದ ಆಸ್ಪತ್ರೆಗೆ ಕರೆದೊಯ್ದೆವು. ಹಗ್ಗ ಬಿಗಿದಾಗ ಚಂದ್ರಣ್ಣನ ಬಲಗೈಯ ಬೆರಳುಗಳು ಡ್ರಮ್ಮಿಗೆ ಸಿಕ್ಕಿ ಜಜ್ಜಿಹೋಗಿದ್ದವು. ದಾರಿಯುದ್ದಕ್ಕೂ ಅವರು ತಮ್ಮ ಕೈ ನೋಡಿಕೊಳ್ಳಲಿಲ್ಲ. ಪಾರ್ವತಿಯ ಎದೆ ಏರಿಳಿಯುವುದನ್ನೇ ನೋಡುತ್ತಿದ್ದರು.

ಗೇಟಿನ ಬಳಿಯ ಕಾಫಿ ಹಾಗೇ ನಿಂತಿತ್ತು. ಇನ್ನು ಡ್ರೈಯರ್ ಇಲ್ಲ. ಅವತ್ತು ಸಂಜೆಗೆ ಗಿರಿಜಮ್ಮ ಮತ್ತು ನಾಲ್ಕು ಜನ ಬೆಳೆಗಾರರು ಕಾಫಿ ಹರವಲು ಆಲೂರಿನ ಕಲ್ಯಾಣ ಮಂಟಪ ಕೇಳಿಕೊಂಡರು. ನಾನು ನಮ್ಮ ಚರ್ಚಿನ ಫಾದರ್ ಬಳಿ ಹೋಗಿ ಹಾಲ್ ಬಿಡಿಸಿಕೊಟ್ಟೆ. ಮದುವೆಗೆ ಬಾಡಿಗೆಗೆ ಕೊಡುವ ಫ್ಯಾನುಗಳನ್ನೆಲ್ಲ ತಂದು ನೆಲದ ತುಂಬ ಕಾಫಿ ಹರವಿದರು. ಆರಿಸುವ ಶೆಡ್ಡಿನ ಹೆಂಗಸರೇ, ಇನ್ನೂ ಕೆಮ್ಮುತ್ತಲೇ, ಸರದಿಯ ಮೇಲೆ ಬಂದು ಕಾಲಿನಿಂದ ಮಗುಚಿದರು. ಒಂದಷ್ಟು ಉಳಿಯಿತು, ಒಂದಷ್ಟು ಬೂಷ್ಟು ಹಿಡಿಯಿತು. ಗಿರಿಜಮ್ಮನದು ಅರ್ಧ ಉಳಿಯಿತು.

ಸಾಹುಕಾರರು ಮರುದಿನ ಬಂದರು. ಕಪ್ಪಾದ ಗೋಡೆ ನೋಡಿದರು. ನನ್ನನ್ನೂ ಕೈಗೆ ಬ್ಯಾಂಡೇಜು ಸುತ್ತಿಕೊಂಡಿದ್ದ ಚಂದ್ರಣ್ಣನನ್ನೂ ಆಫೀಸಿಗೆ ಕರೆದರು.

"ಯಾರಾದರೂ ಕೇಳಿದ್ರೆ ಸಿಡಿಲು ಹೊಡೀತು ಅನ್ನಿ. ಮಳೆ ಅಂತೂ ಇತ್ತು. ಆಡಿಟ್‌ನೋರ್ಗೂ ಅದೇ ಹೇಳಿದ್ರಾಯ್ತು."

ಆಗದು ಎನ್ನಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಚಂದ್ರಣ್ಣ ಮಾತಾಡಿದರು.

"ಸಿಡ್ಲು ಬಾಗ್ಲಿಗೆ ಗೋಣಿ ಒಟ್ಟಲ್ಲ ಸಾಹುಕಾರ್ರೆ. ಒಟ್ಟಿಸ್ದೋನು ನಾನು. ಎರಡ್ನೇ ಡ್ರೈಯರ್ ಹಾಕ್ದೋನೂ ನಾನೇ. ಈ ಹುಡ್ಗಿ ಬ್ಯಾಡ ಅಂದಿದ್ಲು. ಅಂಗೇ ಬರ್ಕಳಿ."

ಸಾಹುಕಾರರು ಅವರನ್ನು ದಿಟ್ಟಿಸಿ ನೋಡಿದರು. "ಎಷ್ಟು ವರ್ಷ ಆಯ್ತೋ ಚಂದ್ರು ನೀನಿಲ್ಲಿಗೆ ಬಂದು" ಎಂದು ಕೇಳಿ, ಉತ್ತರಕ್ಕೆ ಕಾಯದೆ ಎದ್ದು ಹೋದರು. ಸಿಡಿಲಿನ ಮಾತು ಮತ್ತೆ ಬರಲಿಲ್ಲ. ಚಂದ್ರಣ್ಣನನ್ನು ಯಾರೂ ಕೆಲಸದಿಂದ ತೆಗೆಯಲಿಲ್ಲ. ಆದರೆ ಅವರು ಶೆಡ್ಡಿನ ಕಡೆ ಹೋಗುವುದನ್ನೇ ಬಿಟ್ಟರು. ಹೆಂಗಸರು ಎದುರಾದರೆ ದಾರಿ ಬಿಟ್ಟು ನಿಲ್ಲುತ್ತಿದ್ದರು.

ಆಡಿಟ್ ಮುಂದಕ್ಕೆ ಹೋಯಿತು. ಹೊಸ ಪ್ಯಾನೆಲ್ ಬಂತು. ಅದನ್ನು ಹೊರಗಡೆ, ಯಾರೂ ಕೆಲಸ ಮಾಡದ ಕಡೆ ಬೇರೆ ಕೋಣೆ ಕಟ್ಟಿ ಕೂರಿಸಿದೆವು. ಹೂಮಳೆ ಬಿದ್ದು ತೋಟಗಳೆಲ್ಲ ಹೂಬಿಟ್ಟು ಬೆಳ್ಳಗಾದ ವಾರ ಬೆಂಗಳೂರಿನ ತಂಡ ಕಾರಿನಿಂದಿಳಿಯಿತು. ತಂಡದ ಮುಖ್ಯಸ್ಥೆ ನನ್ನಷ್ಟೇ ವಯಸ್ಸಿನ ಹೆಣ್ಣುಮಗಳು. ದಿನನಿತ್ಯದ ಹಾಗೆಯೇ ಎಲ್ಲ ಕೆಲಸ ನಡೆಯಬೇಕು, ಆಗಲೇ ಅಳತೆ ಸರಿಯಾಗುವುದು ಎಂದರು.

ಡ್ರೈಯರ್, ಹಲ್ಲರ್, ಜರಡಿ ಎಲ್ಲ ಸಿದ್ಧವಿದ್ದವು. ಶೆಡ್ಡಿನ ಹೆಂಗಸರು ಮಾತ್ರ ಕಣದಲ್ಲೇ ಕೂತಿದ್ದರು. ಬೆಂಕಿಯಾದ ಮೇಲೆ ಅವರು ಹಳೆಯ ಗೋದಾಮಿನಲ್ಲಿ ಕೂತು ಆರಿಸುತ್ತಿದ್ದರು. ಶೆಡ್ಡಿಗೆ ಮರಳುವುದು ಅವತ್ತೇ ಮೊದಲು.

"ಒಳಗೆ ನಡೀರಮ್ಮ, ಬಂದೋರು ಕಾಯ್ತಾವ್ರೆ" ಎಂದರು ಸಾಹುಕಾರರು.

"ಕಾಯ್ಲಿ ಬುಡಿ" ಎಂದರು ಸರೋಜಕ್ಕ. "ಜೆಸ್ಸಮ್ಮ, ಬಾಗ್ಲು ಮಾಡ್ಸೀನಿ ಅಂದ್ಯಲ್ಲ, ತೋರ್ಸು ಮೊದ್ಲು."

ಹಿಂಬಾಗಿಲ ಜಾಗದಲ್ಲಿ ಅಗಲವಾದ ಹೊಸ ಬಾಗಿಲು ಮಾಡಿಸಿದ್ದೆ. ಒಳಗಿನಿಂದ ಅಡ್ಡಪಟ್ಟಿ ಒತ್ತಿದರೆ ಸಾಕು, ತೆರೆಯುತ್ತದೆ. ಹೊರಗೆ ಬೀಗ ಹಾಕಲು ಕೊಂಡಿಯೇ ಇಲ್ಲ. ಸರೋಜಕ್ಕನನ್ನು ಕರೆದುಕೊಂಡು ಹೋದೆ. ಅವರು ಒಳಗಿನಿಂದ ಒತ್ತಿದರು, ತೆರೆಯಿತು. ಮುಚ್ಚಿ ಮತ್ತೆ ಒತ್ತಿದರು. ಹೊರಗೆ ನಿಂತು ಎಡಕ್ಕೂ ಬಲಕ್ಕೂ ನೋಡಿದರು. ಆಮೇಲೆ ಉಳಿದವರನ್ನು ಕರೆದರು.

ಆಡಿಟ್‌ನವರು ಮೀಟರ್ ಹಿಡಿದು ನಿಂತೇ ಇದ್ದರು. ಹೆಂಗಸರು ಸಾಲಾಗಿ ಮುಂಬಾಗಿಲಿಂದ ಒಳಗೆ ಹೋಗಿ, ಒಬ್ಬೊಬ್ಬರೇ ಹಿಂಬಾಗಿಲನ್ನು ತಾವೇ ಒತ್ತಿ ತೆರೆದು ಹೊರಗೆ ಬಂದರು. ಯಾರೂ ಇನ್ನೊಬ್ಬರಿಗಾಗಿ ಬಾಗಿಲು ಹಿಡಿದು ನಿಲ್ಲಲಿಲ್ಲ. ಪ್ರತಿ ಸಲವೂ ಅದು ಮುಚ್ಚಿ ಮತ್ತೆ ತೆರೆಯಬೇಕು. ತಂಡದ ಮುಖ್ಯಸ್ಥೆ ಗಡಿಯಾರ ನೋಡಿದರು, ನನ್ನ ಮುಖ ನೋಡಿದರು, ಮೀಟರ್ ಕೆಳಗಿಟ್ಟು ಕಾದರು.

ಕೊನೆಗೆ ಬಂದವಳು ಪಾರ್ವತಿ. ಒಳಗೆ ತುಸು ಹೊತ್ತು ತಡವಾಯಿತು. ಕಣದ ಆ ತುದಿಯಲ್ಲಿ, ತಂತಿಬೇಲಿಗೆ ಒರಗಿ ನಿಂತಿದ್ದ ಚಂದ್ರಣ್ಣ ನೆಟ್ಟಗಾದರು. ಬಾಗಿಲು ತೆರೆಯಿತು. ಪಾರ್ವತಿ ಹೊರಗೆ ಬಂದಳು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ಕಣವನ್ನೆಲ್ಲ ನೋಡಿದಳು.

"ಚಂದ್ರಣ್ಣ," ಎಂದು ಅಲ್ಲಿಂದಲೇ ಕರೆದಳು. "ನೀವೂ ಒಂದ್ಸಲ ತಳ್ಳಿ ನೋಡ್ಬನ್ನಿ. ಹಗೂರ್ಕೈತೆ."

ಅವರು ನಿಧಾನವಾಗಿ ಕಣ ದಾಟಿ ಬಂದರು. ಯಾರ ಮುಖವನ್ನೂ ನೋಡದೆ ಶೆಡ್ಡಿನೊಳಗೆ ಹೋದರು. ಬೆರಳು ಮಡಚಲಾಗದ ಆ ಬಲಗೈಯಿಂದಲೇ ಪಟ್ಟಿ ಒತ್ತಿ, ಬಾಗಿಲು ತೆರೆದುಕೊಂಡು ಹೊರಗೆ ಬಂದರು.

ಹೆಂಗಸರು ಎದ್ದು ಸೆರಗು ಸಿಕ್ಕಿಸಿಕೊಂಡು ಕೆಲಸಕ್ಕೆ ನಡೆದರು. ನಾನು ಹೋಗಿ ಮೇನ್ ಸ್ವಿಚ್ಚು ಹಾಕಿದೆ.